ಇರುವೆ ಮುಟ್ಟದ ಅಂಟು

ಮನುಷ್ಯರನ್ನು ನಂಬಬೇಕು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಂಬಿ ಕೆಟ್ಟವರನ್ನು ತೋರಿಸು ಎಂದರೆ ಬೇರೆ ಊರಿಗೆ ಹೋಗಬೇಕಾಗಿಲ್ಲ, ಶಿಕಾರಿಪುರದಲ್ಲಿ ನಮ್ಮ ಓಣಿಯ ಒಂದು ಬದಿಯೇ ಸಾಕು. ಹಾಗಾಗಿ ಸೊರಬದಿಂದ ಲೋಕಪ್ಪ ಅನ್ನುವ ಮೇಷ್ಟ್ರು ಬಂದು ಹೆಂಗಸರಿಗೆ ಪುಸ್ತಕ ಕಟ್ಟುವುದನ್ನೂ ರಟ್ಟಿನ ಪೆಟ್ಟಿಗೆ ಮಾಡುವುದನ್ನೂ ಕಲಿಸುತ್ತಾರಂತೆ ಎಂಬ ಸುದ್ದಿ ಬಂದಾಗ, ಇದರಲ್ಲಿ ಏನೋ ಇದೆ ಎಂದು ಮೊದಲು ಅಂದವಳು ನಾನೇ. ಹಾಲಮ್ಮನ ಬಾಯಿ ಎಂಥದ್ದು ಅಂತ ಓಣಿಗೆಲ್ಲ ಗೊತ್ತು. ಆದರೆ ಏನಿದೆ ಅಂತ ತಿಳಿಯಬೇಕಾದರೆ ಹೋಗಿ ನೋಡಬೇಕಲ್ಲ. ನಾನೂ ಹೆಸರು ಕೊಟ್ಟೆ.

ಅದು ಐವತ್ತೆಂಟನೇ ಇಸವಿ. ಹಿಂದಿನ ವರ್ಷ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಕಾಡಿಗೆ ಹೋದ ಜನಕ್ಕೂ ಜ್ವರ ಬಂದಿತ್ತು. ಬಸ್ಸಿನಲ್ಲಿ ಸೊರಬದ ಕಡೆಯವರು ಪಕ್ಕ ಕೂತರೆ ನಮ್ಮವರು ಸೆರಗು ಎಳೆದುಕೊಂಡು ಸರಿಯುತ್ತಿದ್ದ ಕಾಲ. ಅಂಥದ್ದರಲ್ಲಿ ಬಂದ ಮೇಷ್ಟ್ರೂ ಸೊರಬದವರೇ. ಸರ್ಕಾರದ ಯಾವುದೋ ಯೋಜನೆಯಂತೆ, ಪೇಟೆಯ ಹಿಂದಿನ ಖಾಲಿ ಅಕ್ಕಿ ಗೋದಾಮಿನಲ್ಲಿ ಕ್ಲಾಸು. ನೆಲದ ಮೇಲೆ ಚಾಪೆ ಹಾಸಿ, ಎದುರಿಗೊಂದು ಹಲಗೆ ಇಟ್ಟು ನಮ್ಮನ್ನು ಕೂರಿಸಿದರು.

ಮೊದಲ ದಿನ ಬರೀ ಹಾಳೆ ಮಡಿಚಿದ್ದು. ಇದರಲ್ಲಿ ಕಲಿಯುವುದೇನಿದೆ ಎಂದು ನಾವು ಮುಸಿಮುಸಿ ನಕ್ಕೆವು. ಮೇಷ್ಟ್ರು ತಮ್ಮ ಚೀಲದಿಂದ ಬೆಳ್ಳಗಿನ ನುಣ್ಣನೆಯ ಚಪ್ಪಟೆ ಕಡ್ಡಿಯೊಂದನ್ನು ತೆಗೆದು ಮಡಿಕೆಯ ಮೇಲೆ ಎಳೆದರು. ಮಡಿಕೆ ಕತ್ತಿಯ ಅಂಚಿನಂತೆ ನಿಂತಿತು.

"ಅದೇನ್ರೀ ಮೇಷ್ಟ್ರೆ, ಆ ಕಡ್ಡಿ?" ಎಂದೆ ನಾನು.

ಅವರು ತಡವರಿಸಿದರು. "ದಂತ" ಅಂದರು.

ಆನೆ ದಂತ ಇಟ್ಟುಕೊಂಡಿರುವ ಸಿರಿವಂತ ಹರಿದ ಕೊಡೆ ಹಿಡಿದುಕೊಂಡು ಬರುತ್ತಾನೆಯೇ? ಎಲುಬು ಅದು, ನೋಡಿದರೆ ಗೊತ್ತಾಗುತ್ತಿತ್ತು. ಮಾರನೆಯ ದಿನ ನಾವ್ಯಾರೂ ಅದನ್ನು ಮುಟ್ಟುವುದಿಲ್ಲ ಎಂದು ಕೂತೆವು. ಮೇಷ್ಟ್ರು ಒಂದು ಮಾತೂ ಆಡದೆ ಬಿದಿರು ಸೀಳಿ, ಹೆರೆದು, ಒಬ್ಬೊಬ್ಬರಿಗೂ ಒಂದೊಂದು ಕಡ್ಡಿ ಮಾಡಿಕೊಟ್ಟರು. ತಪ್ಪಿಲ್ಲದವನಾದರೆ ವಾದ ಮಾಡುತ್ತಿದ್ದ, ಇವರು ಸುಮ್ಮನಾದರಲ್ಲ, ಅಲ್ಲೇ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಕಲಿಸುವುದರಲ್ಲಿ ಮಾತ್ರ ಕಳ್ಳತನವಿರಲಿಲ್ಲ, ಅದನ್ನು ಹೇಳಲೇಬೇಕು. ದಾರವನ್ನು ಜೇನುಮೇಣದ ಮೇಲೆ ಎಳೆದುಕೊಳ್ಳುವುದು, ಮಡಿಕೆಯ ಬೆನ್ನಿಗೆ ದಬ್ಬಣದಿಂದ ತೂತು ಮಾಡಿ ಒಂದಕ್ಕೊಂದು ಹೊಲಿದು ಗಂಟು ಹಾಕುವುದು, ಕಟ್ಟಿದ ಪುಸ್ತಕದ ಮೇಲೆ ಬೀಸುವ ಕಲ್ಲು ಹೇರಿ ಒಣಗಲು ಬಿಡುವುದು, ಎಲ್ಲವನ್ನೂ ನಮ್ಮ ಕೈಯಲ್ಲೇ ಮಾಡಿಸಿದರು. ಪೆಟ್ಟಿಗೆಗೆ ರಟ್ಟನ್ನು ಪೂರ್ತಿ ಕತ್ತರಿಸಬಾರದು, ಅರ್ಧ ಆಳಕ್ಕೆ ಗೀರಿ ಮಡಿಚಬೇಕು, ಆಗ ಮೂಲೆ ನೆಟ್ಟಗೆ ನಿಲ್ಲುತ್ತದೆ. ನನ್ನ ಪೆಟ್ಟಿಗೆಗಳೆಲ್ಲ ಕುಡಿದವನ ಹಾಗೆ ಒಂದು ಕಡೆಗೆ ವಾಲುತ್ತಿದ್ದವು. ನೆಟ್ಟಗೆ ನಿಂತದ್ದು ಹೂವಮ್ಮನ ಪೆಟ್ಟಿಗೆ ಒಂದೇ.

ಹೂವಮ್ಮ ನಮ್ಮ ಪಕ್ಕದ ಮನೆಯವಳು. ಗಂಡ ರಾಜಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅತ್ತೆ ಯಮುನಮ್ಮ, ಸೊಸೆ ಹೂವಮ್ಮ, ಮನೆಯಲ್ಲಿ ಇಬ್ಬರೇ. ಸೊರಬದಲ್ಲಿರುವ ಅವಳ ಅಣ್ಣ, ಮಳೆಗಾಲ ಮುಗಿದ ಕೂಡಲೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಕಳಿಸಿದ್ದ. ತಂಗಿಯ ಮೇಲಿನ ಪ್ರೀತಿಯೇನೂ ಅಲ್ಲ. ಅವನ ಹಟ್ಟಿಯ ಸಗಣಿ ಬಾಚಲು, ಅವನ ಮಕ್ಕಳ ಬಟ್ಟೆ ಒಗೆಯಲು ಒಬ್ಬಳು ಬೇಕಾಗಿದ್ದಳು. ಕ್ಲಾಸು ಮುಗಿದ ಮೇಲೆ ತಾಲೂಕಿನ ಶಾಲೆಗಳ ಪುಸ್ತಕ ಕಟ್ಟುವ ಕೆಲಸ ನಮಗೇ ಸಿಗುತ್ತದೆ ಎಂದಿದ್ದರು ಮೇಷ್ಟ್ರು. ಅದು ಸಿಕ್ಕಿದರೆ ಹೂವಮ್ಮ ತನ್ನ ಅನ್ನ ತಾನು ದುಡಿದುಕೊಂಡು ಅತ್ತೆಯ ಹತ್ತಿರವೇ ಇರಬಹುದಿತ್ತು. ಇಲ್ಲವಾದರೆ ಅಣ್ಣನ ಹಟ್ಟಿ.

ಯಮುನಮ್ಮನ ಅನುಮಾನದ ಮುಂದೆ ನನ್ನದು ಏನೂ ಅಲ್ಲ. ಹಾಲು ತಂದವನ ಎದುರಿಗೇ ಹಾಲಿಗೆ ಬೆರಳು ಅದ್ದಿ ಚೀಪಿ ನೋಡುವ ಹೆಂಗಸು ಅವಳು. ಯಾರು ಏನೇ ಹೇಳಲಿ, ತನ್ನ ನಾಲಿಗೆಗೆ ತಾಗುವವರೆಗೆ ನಂಬುತ್ತಿರಲಿಲ್ಲ. ಮೇಷ್ಟ್ರು ಸೊರಬದವರು ಎಂದು ಗೊತ್ತಾದ ದಿನವೇ ನನ್ನನ್ನು ಹಿತ್ತಲಿಗೆ ಕರೆದು, "ಇವನ್ನ ಅವಳಣ್ಣನೇ ಕಳಿಸ್ಯಾನೆ ಹಾಲವ್ವ. ತಲೆ ಕೆಡಿಸಿ ಕರಕೊಂಡು ಹೋಗಾಕೆ. ಅವಳ ಮ್ಯಾಲೆ ಒಂದು ಕಣ್ಣಿಟ್ಟಿರು" ಎಂದಿದ್ದಳು. ಮಗನೂ ಹೋದ, ಸೊಸೆಯೂ ಹೋದರೆ ಆ ಮನೆಯಲ್ಲಿ ತಾನೊಬ್ಬಳೇ ಎಂಬ ಹೆದರಿಕೆ ಅವಳನ್ನು ಹಾಗೆ ಮಾಡಿಸುತ್ತಿತ್ತು. ನಾನು ಒಂದಲ್ಲ, ಎರಡು ಕಣ್ಣೂ ಇಟ್ಟೆ.

ಮೇಷ್ಟ್ರು ನಮ್ಮಿಂದ ಮುಚ್ಚಿಟ್ಟಿದ್ದು ಒಂದೇ, ಅಂಟು ಮಾಡುವುದು. ಗೋದಾಮಿನ ಹಿಂದಿನ ಕೋಣೆಯಲ್ಲಿ ಒಲೆ ಹೂಡಿ, ಬಾಗಿಲು ಹಾಕಿಕೊಂಡು ಒಬ್ಬರೇ ಕುದಿಸಿ ತರುತ್ತಿದ್ದರು. ಮೈದಾ ಹಿಟ್ಟು ಅಷ್ಟೇ ಅನ್ನುತ್ತಿದ್ದರು. ಮೈದಾ ಹಿಟ್ಟು ಕುದಿಸಲು ಬಾಗಿಲು ಯಾಕೆ ಹಾಕಬೇಕು? ಬಡಗಿಗಳು ಬಳಸುವ ಸರೇಸು ನಾವು ಕಾಣದ್ದೇ? ದನದ ಚರ್ಮ, ಎಲುಬು ಕುದಿಸಿ ಮಾಡುವ ಅಂಟು ಅದು. ಎಲುಬಿನ ಕಡ್ಡಿ ಚೀಲದಲ್ಲಿಟ್ಟುಕೊಂಡ ಮನುಷ್ಯ ಅಂಟಿಗೆ ಏನು ಹಾಕಿಯಾನು ಎಂದು ಎಲ್ಲರೂ ಪಿಸುಗುಟ್ಟತೊಡಗಿದರು.

ಇದೆಲ್ಲ ಪಿಸುಮಾತಿನಲ್ಲೇ ಮುಗಿಯುತ್ತಿತ್ತೇನೋ. ಅಷ್ಟರಲ್ಲಿ ಹೂವಮ್ಮ ಮನೆಯ ಹಳೆಯ ಪುರಾಣದ ಪುಸ್ತಕವನ್ನು ಕ್ಲಾಸಿಗೆ ತಂದಳು. ಶ್ರಾವಣದಲ್ಲಿ ಓಣಿಯವರೆಲ್ಲ ಕೂತು ಕೇಳುತ್ತಿದ್ದ ಪುರಾಣ ಅದು. ಹಾಳೆಗಳು ಬಿಟ್ಟುಕೊಂಡು, ಬೆನ್ನು ಹುಳ ತಿಂದು ಹೋಗಿತ್ತು. ಹೂವಮ್ಮ ಅದನ್ನು ಬಿಚ್ಚಿ, ಹೊಲಿದು, ಕೆಂಪು ಬಟ್ಟೆ ಅಂಟಿಸಿ, ಅದರ ಅಳತೆಗೆ ರಟ್ಟಿನ ಪೆಟ್ಟಿಗೆಯನ್ನೂ ಮಾಡಿದಳು. ಯಮುನಮ್ಮ ಹಿಗ್ಗಿ ಹೀರೇಕಾಯಿಯಾಗಿ ಅದನ್ನು ದೇವರ ಕೋಣೆಯಲ್ಲಿಟ್ಟಳು. ಎಂಟು ಹತ್ತು ದಿನ ಎಲ್ಲ ಚೆನ್ನಾಗಿತ್ತು.

ಆಮೇಲೆ ಒಂದು ಬೆಳಿಗ್ಗೆ ಯಮುನಮ್ಮ ನನ್ನ ಅಡಿಗೆಮನೆಗೇ ಬಂದಳು.

"ಹಾಲವ್ವ, ಒಂದು ಮಾತು ಕೇಳ್ತೀನಿ, ಖರೇ ಹೇಳು. ಹಿಟ್ಟಿನ ಅಂಟಾದ್ರೆ ಇರುವೆ ಬಿಡ್ತಾವೇನೇ? ಒಂದು ಅನ್ನದ ಅಗುಳು ಬಿದ್ರೆ ಸಾಕು, ಊರಾಗಿನ ಇರುವೆ ಎಲ್ಲ ನಮ್ಮನಿಗೇ ಬರ್ತಾವೆ. ಆ ಪುರಾಣದ ಹತ್ರ ಮಾತ್ರ ಒಂದೂ ಸುಳಿಯಾಕಿಲ್ಲ. ಸಾಲು ಕಟ್ಕೊಂಡು ಬಂದವು ಸುತ್ತ ಹಾಕ್ಕೊಂಡು ಆಕಡೆ ಹೋಗ್ತಾವೆ. ಅದು ಚರ್ಮದ್ದು ಅಂತ ಇರುವೆಗೂ ಗೊತ್ತಾಗೈತೆ, ನಮಗೇ ಗೊತ್ತಾಗಿಲ್ಲ."

ನಾನು ಹೋಗಿ ನೋಡಿದೆ. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮಳೆಗಾಲದ ಇರುವೆಸಾಲು ಗೋಡೆಯಿಂದ ಇಳಿದು, ನೈವೇದ್ಯದ ಬೆಲ್ಲಕ್ಕೆ ಹೋಗುತ್ತಿತ್ತು. ನಡುವೆ ಪುರಾಣದ ಪೆಟ್ಟಿಗೆ ಬಂದ ಕಡೆ ಒಂದು ಗೇಣು ದೂರ ಬಳಸಿಕೊಂಡು ಹೋಗುತ್ತಿತ್ತು. ಹೂವಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖ ಬಿಳುಚಿಕೊಂಡಿತ್ತು.

ಅವತ್ತು ನಾನು, ಹೂವಮ್ಮ ಕ್ಲಾಸಿಗೆ ಬೇಗ ಹೋದೆವು. ಹಿಂದಿನ ಕೋಣೆಯ ಬಾಗಿಲಿಗೆ ಅಗುಳಿ ಸರಿಯಿರಲಿಲ್ಲ, ನಾನು ಒಂದೇ ಸಲ ತಳ್ಳಿದೆ. ಮೇಷ್ಟ್ರು ಕುಟ್ಟಾಣಿಯಲ್ಲಿ ನೀಲಿ ಹರಳು ಪುಡಿ ಮಾಡುತ್ತಿದ್ದರು. ಅವರ ಕೈಯಿಂದ ಕುಟ್ಟಾಣಿ ಜಾರಿತು.

"ಎಂತಕ್ಕೆ ಬಂದ್ರಿ ಇಲ್ಲಿ?"

"ಅದೇನ್ರೀ ಅದು?"

"ಮೈಲುತುತ್ತ ಮಾರಾಯ್ರೆ. ಅಡಿಕೆಗೆ ಔಷಧಿ ಹೊಡಿತಾರಲ್ಲ, ಅದೇಯ." ಅವರು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. "ಹಿಟ್ಟಿನ ಅಂಟಿಗೆ ಸ್ವಲ್ಪ ಹಾಕಿದ್ರೆ ಹುಳ ಹಿಡಿಯದಿಲ್ಲ, ಬೂಸಲು ಬರದಿಲ್ಲ. ನಂಗೆ ಕಲಿಸಿದವ್ರೂ ಹಾಕ್ತಿದ್ರು. ಈ ಮಳೇಲಿ ಒಂದು ಚೂರು ಜಾಸ್ತಿನೇ ಬೇಕು. ಒಣಗಿದ ಮೇಲೆ ಯಾರಿಗೂ ಎಂತದೂ ಆಗದಿಲ್ಲ. ಆದ್ರೆ ಇದು ವಿಷ ಅಂತ ಒಬ್ರ ಬಾಯಲ್ಲಿ ಬಂದ್ರೆ ಮುಗೀತು. ಸೊರಬದವ ಬಂದು ಶಾಲೆ ಪುಸ್ತಕಕ್ಕೆ ವಿಷ ಬಳಿದ ಅಂತ ಕಲ್ಲಲ್ಲಿ ಹೊಡಿತಾರೆ ನಂಗೆ."

ನನಗೆ ಸಿಟ್ಟು ನೆತ್ತಿಗೇರಿತು. ಮೊದಲೇ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಓಣಿಗೆಲ್ಲ ಈಗಲೇ ಕೂಗಿ ಹೇಳುತ್ತೇನೆ ಎಂದು ತಿರುಗಿದೆ. ಹೂವಮ್ಮ ನನ್ನ ತೋಳು ಹಿಡಿದುಕೊಂಡಳು. ಅವಳ ಹಿಡಿತ ಅಷ್ಟು ಬಿಗಿಯಾಗಿದ್ದುದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಬ್ಯಾಡ ಹಾಲಕ್ಕ. ವಿಷ ಅಂತ ತಿಳಿದ್ರೆ ಶಾಲೆ ಕೆಲಸ ಬರಾಕಿಲ್ಲ. ಮತ್ತೆ ನಾನು ಎಲ್ಲಿಗೆ ಹೋಗ್ಲಿ?"

ನಾನು ಬಾಯಿ ಮುಚ್ಚಿಕೊಂಡೆ. ಮೇಷ್ಟ್ರ ಮೇಲಿನ ಕರುಣೆಯಿಂದಲ್ಲ, ಅವಳಿಗಾಗಿ. ಚರ್ಮವಲ್ಲ ಎಂದು ಗೊತ್ತಾದದ್ದೇ ಒಂದು ಸಮಾಧಾನ ಎಂದುಕೊಂಡೆ. ಆದರೆ ಅದನ್ನು ಯಮುನಮ್ಮನಿಗೆ ಹೇಳುವ ಹಾಗೂ ಇರಲಿಲ್ಲ, ಅವಳು ಕೇಳಿದರೆ ಯಾಕೆ ಇರುವೆ ಬರುವುದಿಲ್ಲ ಎನ್ನುವುದಕ್ಕೆ ಉತ್ತರ ಕೊಡಬೇಕಲ್ಲ.

ಯಮುನಮ್ಮ ನಮ್ಮ ಉತ್ತರಕ್ಕೆ ಕಾಯಲಿಲ್ಲ. ನೇರ ಪರಮಶಿವಪ್ಪನವರ ಹತ್ತಿರ ಹೋದಳು. ಪರಮಶಿವಪ್ಪನವರೆಂದರೆ ಶ್ರಾವಣದಲ್ಲಿ ಪುರಾಣ ಓದುವವರು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಶಾಲೆಯ ಕಮಿಟಿಗೂ ಅವರೇ ಹಿರಿಯರು, ಪುಸ್ತಕದ ಕೆಲಸ ಯಾರಿಗೆ ಕೊಡಬೇಕೆಂದು ಅವರು ಹೇಳಿದ ಮೇಲೆ ಮತ್ತೊಬ್ಬರ ಮಾತಿಲ್ಲ. ಮರುದಿನ ಮಧ್ಯಾಹ್ನ ಅವರು ಕೊಡೆ ಮಡಚುತ್ತ ಗೋದಾಮಿನ ಬಾಗಿಲಲ್ಲಿ ನಿಂತಾಗ ನಮ್ಮ ಕೈಗಳೆಲ್ಲ ರಟ್ಟಿನ ಮೇಲೆ ನಿಂತುಹೋದವು. ಅವರ ಹಿಂದೆ ಯಮುನಮ್ಮ ಬಂದಿದ್ದಳು.

"ಮೇಷ್ಟ್ರೆ, ಈ ಅಂಟು ಯಾವುದರದ್ರೀ?"

"ಮೈದಾ ಹಿಟ್ಟಿಂದು."

"ಇರುವೆ ಯಾಕೆ ಮುಟ್ಟಲ್ಲ?"

ಮೇಷ್ಟ್ರು ಒಮ್ಮೆ ಹೂವಮ್ಮನ ಕಡೆ ನೋಡಿದರು. ಆ ನೋಟವನ್ನು ಪರಮಶಿವಪ್ಪನವರೂ ನೋಡಿದರು. "ಬೇವಿನ ಎಲೆ ಕುದಿಸಿ ಹಾಕ್ತೆ" ಎಂದರು ಮೇಷ್ಟ್ರು.

ಪರಮಶಿವಪ್ಪನವರು ನಕ್ಕರು. "ಬೇವಾ? ಬೇವು ಯುಗಾದಿಗೆ ನಾವೂ ತಿಂತೀವಲ್ರೀ. ಹಂಗಾದ್ರೆ ಸುಲಭ ಆತು. ಒಂದು ಬೆರಳು ತಿಂದು ತೋರಿಸ್ರಿ. ಚರ್ಮದ್ದು ಅಂಟಾದ್ರೆ ನಿಮ್ಮ ಗಂಟಲಾಗೆ ಇಳಿಯಾಕಿಲ್ಲ. ಇಳೀತು ಅಂದ್ರೆ ನಾನು ಪುರಾಣಾನೂ ಓದ್ತೀನಿ, ಶಾಲೆ ಪುಸ್ತಕಾನೂ ಇಲ್ಲಿಗೇ ಕಳಿಸ್ತೀನಿ."

"ಅಂಟು ತಿನ್ನೋದಕ್ಕೆ ಮಾಡಿದ್ದಲ್ಲ ಯಜಮಾನ್ರೆ."

"ಹಿಟ್ಟು, ಬೇವು ಎರಡೂ ತಿನ್ನೋದೇ ಅಲ್ವೇನ್ರೀ?"

ಮೇಷ್ಟ್ರು ಅಂಟಿನ ಮಡಕೆಯನ್ನು ನೋಡುತ್ತ ನಿಂತರು. ಯಮುನಮ್ಮ ಎದೆಗೆ ಕೈಯಿಟ್ಟುಕೊಂಡು, "ಅಯ್ಯೋ ಶಿವನೇ, ದೇವರ ಕ್ವಾಣಿಯಾಗೆ ಇಟ್ಟುಬಿಟ್ನಲ್ಲ" ಎಂದು ಶುರುಮಾಡಿದಳು. ಪರಮಶಿವಪ್ಪನವರು ಹೊರಡಲು ಕೊಡೆ ಎತ್ತಿಕೊಂಡರು.

ಹೂವಮ್ಮ ಎದ್ದಳು. ಮಡಕೆಗೆ ಎರಡು ಬೆರಳು ಹಾಕಿ, ಅಂಟನ್ನು ಬಾಯಿಗಿಟ್ಟುಕೊಂಡು ನುಂಗಿದಳು. ನನಗೆ ಕೂಗುವಷ್ಟು ಹೊತ್ತೂ ಸಿಗಲಿಲ್ಲ. ಕೂಗಲು ಬಾಯಿ ತೆರೆದಾಗ ಅವಳು ನನ್ನನ್ನೇ ನೋಡುತ್ತಿದ್ದಳು, ಸುಮ್ಮನಿರು ಎಂದು ಆ ಕಣ್ಣು ಹೇಳುತ್ತಿತ್ತು.

"ಬೇವೇ ಐತ್ರೀ. ಸ್ವಲ್ಪ ಕಹಿ" ಎಂದಳು.

ಪರಮಶಿವಪ್ಪನವರ ಮುಖ ಅರಳಿತು. ಲಿಂಗಪೂಜೆ ಮಾಡುವ ಮನೆಯ ಸೊಸೆ, ತಿಳಿದೂ ತಿಳಿದೂ ಚರ್ಮದ್ದನ್ನು ನುಂಗುವಳೇ? ಅವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಈಗಲೇ ಹೋಗಿ ಪುರಾಣಕ್ಕೆ ಕೈಮುಗಿದು ಬರೋಣ ನಡೀರಿ ಎಂದು ಅವರೇ ಮುಂದಾದರು. ಯಮುನಮ್ಮ ಅರ್ಧ ನಾಚಿಕೆ, ಅರ್ಧ ಸಂತೋಷದಲ್ಲಿ ಹಿಂದೆ ಹೊರಟಳು. ಹೂವಮ್ಮ ಅರ್ಧಕ್ಕೆ ನಿಂತಿದ್ದ ತನ್ನ ಪೆಟ್ಟಿಗೆಯನ್ನೂ ತೆಂಗಿನ ಚಿಪ್ಪಿನಲ್ಲಿದ್ದ ಒಂದಿಷ್ಟು ಅಂಟನ್ನೂ ಎತ್ತಿಕೊಂಡಳು, ನಾನು ಅವಳ ಬೆನ್ನಿಗೇ ನಡೆದೆ.

ಮನೆ ಮುಟ್ಟುವಷ್ಟರಲ್ಲಿ ಅವಳ ತುಟಿ ಬಣ್ಣಗೆಟ್ಟಿತ್ತು. ಪರಮಶಿವಪ್ಪನವರು ಪುರಾಣಕ್ಕೆ ಕೈಮುಗಿದು, ಮಜ್ಜಿಗೆ ಕೊಡ್ರವ್ವ ಎಂದು ಜಗಲಿಯ ಮೇಲೆ ಕೂತರು. ಹೂವಮ್ಮ ಪೆಟ್ಟಿಗೆಯನ್ನೂ ಚಿಪ್ಪನ್ನೂ ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಹಿತ್ತಲಿಗೆ ಓಡಿದಳು. ಬಾವಿಕಟ್ಟೆಯ ಹತ್ತಿರ ಬಗ್ಗಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡಳು. ನಾನು ಹಣೆ ಹಿಡಿದುಕೊಂಡೆ.

ಸದ್ದು ಕೇಳಿ ಪರಮಶಿವಪ್ಪನವರು ಮನೆಯ ಪಕ್ಕದ ಸಂದಿಯಿಂದ ಇಣುಕಿದರು. ಎರಡು ವರ್ಷದಿಂದ ಗಂಡನಿಲ್ಲದ ಹೆಂಗಸು, ಬಾವಿಕಟ್ಟೆ ಹಿಡಿದು ವಾಂತಿ ಮಾಡುತ್ತಿದ್ದಾಳೆ. ಅವರ ಮುಖ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಗೋದಾಮಿನಲ್ಲಿ ಮೇಷ್ಟ್ರು ಇವಳನ್ನು ನೋಡಿದ ನೋಟ ಅವರಿಗೆ ಈಗ ನೆನಪಾಗಿತ್ತು.

"ರಾಜಪ್ಪ ಹೋಗಿ ಎರಡು ವರ್ಷ ಆತಲ್ಲ ಯಮುನವ್ವ" ಎಂದು ಹಿತ್ತಲ ಬಾಗಿಲಿಗೆ ಬಂದಿದ್ದ ಯಮುನಮ್ಮನಿಗೆ ಅಷ್ಟೇ ಹೇಳಿ, ತಿರುಗಿ ಜಗಲಿಗೆ ಹೋದರು.

ಅಷ್ಟು ಸಾಕಿತ್ತು. ಅವರು ಜಗಲಿಯಿಂದ ಎದ್ದು ಹೋದ ಮೇಲೆ ಆ ಮಾತು ಓಣಿ ದಾಟಿ, ಪೇಟೆ ದಾಟಿ, ಸೊರಬ ಮುಟ್ಟಲು ಎಷ್ಟು ಹೊತ್ತು ಬೇಕು? ಅಣ್ಣನೂ ಹಟ್ಟಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅವರ ಕೊರಳಪಟ್ಟಿ ಹಿಡಿದು ಎಳೆದು ತರಬೇಕು ಅನ್ನಿಸಿತು ನನಗೆ.

ಯಮುನಮ್ಮ ಬಂದು ನೆಲ ನೋಡಿದಳು. ಕಕ್ಕಿದ್ದು ನೀಲಿಯಾಗಿತ್ತು. ಅವಳ ದನಿ ತಣ್ಣಗಿತ್ತು. "ಯಾವ ಮದ್ದು ತಿಂದೀಯೇ? ತೆಗೆಸಾಕೆ ಅವನೇ ಕೊಟ್ನೇನು?"

"ಇಲ್ಲ ಅತ್ತೆ. ಅಂಟು. ಅದರಾಗೆ ಮೈಲುತುತ್ತ ಐತೆ. ಅದಕ್ಕೇ ಇರುವೆ ಬರಾಕಿಲ್ಲ."

"ಯಮುನಕ್ಕ, ಖರೇ ಐತೆ, ನಾನೇ ನೋಡೀನಿ" ಎಂದೆ.

"ವಿಷ ಅಂತ ತಿಳಿದು ತಿಂದ್ಯಾ? ಯಾರು ನಂಬ್ತಾರೆ ಅದನ್ನ?"

"ತಿನ್ನದಿದ್ರೆ ಕೆಲಸ ಹೋಗ್ತಿತ್ತು. ಅಣ್ಣನ ಮನಿಗೆ ಹೋಗಬೇಕಿತ್ತು." ಹೂವಮ್ಮ ಅಳುತ್ತಿದ್ದಳು. "ನಿಮ್ಮನ್ನ ಬಿಟ್ಟು ಹೋಗಾಕೆ ನನಗೆ ಮನಸ್ಸಿಲ್ಲ ಅತ್ತೆ."

ಯಮುನಮ್ಮ ಒಳಗೆ ಹೋದಳು. ನಾನು ಹಿಂದೆ ಹೋದೆ. ಕಟ್ಟೆಯ ಮೇಲಿದ್ದ ಚಿಪ್ಪಿಗೆ ಬೆರಳ ತುದಿ ತಾಗಿಸಿ ನಾಲಿಗೆಗೆ ಇಟ್ಟುಕೊಂಡಳು, ಹಾಲು ನೋಡುವವಳ ಹಾಗೆಯೇ. ಮುಖ ಕಿವುಚಿ ಥೂ ಎಂದು ಉಗಿದಳು. ಹಿತ್ತಲ ಬಾಗಿಲ ಕಡೆ ನೋಡಿದಳು, ಆಮೇಲೆ ಜಗಲಿಯ ಕಡೆ ನೋಡಿದಳು. ಈಗ ನಂಬಿದಳಪ್ಪ ಎಂದು ನಾನು ಉಸಿರು ಬಿಡುತ್ತಿದ್ದೆ. ಅಷ್ಟರಲ್ಲಿ ಅವಳು ಚಿಪ್ಪನ್ನೇ ಎತ್ತಿ, ಇದ್ದ ಅಂಟನ್ನೆಲ್ಲ ಬಳಿದು ಬಾಯಿಗೆ ಹಾಕಿಕೊಂಡು ಒಂದು ಲೋಟ ನೀರು ಕುಡಿದಳು.

"ಯಮುನಕ್ಕ! ಏನು ಮಾಡಿದೆ?"

"ಬಾಯಿ ಮುಚ್ಚು. ಆ ಮಜ್ಜಿಗೆ ಚಂಬು ಕೊಡು."

ಚಂಬು ಹಿಡಿದು ಜಗಲಿಗೆ ಹೋದಳು. ಪರಮಶಿವಪ್ಪನವರಿಗೆ ಲೋಟ ಕೊಟ್ಟು, ಮಜ್ಜಿಗೆ ಬಗ್ಗಿಸಿ, ಮಳೆ ಜೋರಾಯ್ತು, ನಾಟಿ ಯಾವಾಗ ಮುಗಿಯುತ್ತೆ ಎಂದು ಏನೇನೋ ಕೇಳುತ್ತ ಕಂಬಕ್ಕೆ ಒರಗಿ ನಿಂತಳು. ಅವರು ನೆಟ್ಟಗೆ ಉತ್ತರ ಕೊಡಲಿಲ್ಲ, ಇವಳ ಮುಖವನ್ನೂ ನೋಡಲಿಲ್ಲ. ಲೋಟ ಅರ್ಧ ಖಾಲಿಯಾಗುವಷ್ಟರಲ್ಲಿ ಅವಳ ಹಣೆ ಬೆವರಿತು. ಜಗಲಿಯಿಂದ ಕೆಳಗೆ, ಸೂರಿನ ನೀರು ಹರಿಯುತ್ತಿದ್ದ ಕಾಲುವೆಗೆ ಬಗ್ಗಿ ಅವರೆದುರಿಗೇ ಕಕ್ಕಿದಳು. ಅರವತ್ತು ದಾಟಿದ ಹೆಂಗಸು, ಬಗ್ಗಿದವಳು ಏಳಲು ಆಗದೆ ಮೊಣಕಾಲೂರಿದಳು. ನೀಲಿಯನ್ನು ಮಳೆನೀರು ತೊಳೆದುಕೊಂಡು ಹೋಯಿತು.

"ಏನಾತ್ರವ್ವ?" ಪರಮಶಿವಪ್ಪನವರು ದಡಬಡಿಸಿ ಎದ್ದರು.

"ಕಳಲೆ" ಎಂದಳು ಯಮುನಮ್ಮ ಏದುಸಿರು ಬಿಡುತ್ತ. "ನಿನ್ನೆ ಬಿದಿರುಮೆಳೆಯಿಂದ ಕಿತ್ತು ತಂದಿದ್ದು, ನಂಜು ಹೋಗೋವಷ್ಟು ನೆನೀಲಿಲ್ಲ. ಪಲ್ಯ ಮಾಡಿಬಿಟ್ಟೆ. ನಾನೂ ಉಂಡೆ, ಆ ಹುಡುಗಿಗೂ ಹಾಕಿದೆ. ಈ ವಯಸ್ಸಿಗೆ ನನಗೆ ಕಳಲೆ ಬೇಯಿಸಾಕೆ ಬರಲಿಲ್ಲ ನೋಡ್ರಿ, ಅವಳ ಹೊಟ್ಟೀನೂ ಕೆಡಿಸಿದೆ."

ಮದುವೆಮನೆಗಳಲ್ಲಿ ಅಡಿಗೆಯವರ ಸೌಟು ಕಿತ್ತುಕೊಂಡು ಉಪ್ಪು ನೋಡುತ್ತಿದ್ದ ಯಮುನಮ್ಮ, ತನ್ನ ಅಡಿಗೆಗೆ ತಾನೇ ಹೆಸರು ಕೆಡಿಸಿಕೊಂಡದ್ದನ್ನು ನಾನು ಬೇರೆ ಯಾವತ್ತೂ ಕೇಳಿಲ್ಲ. ಪರಮಶಿವಪ್ಪನವರು ಕೈಯಲ್ಲಿದ್ದ ಮಜ್ಜಿಗೆಯನ್ನು ಅನುಮಾನದಿಂದ ನೋಡಿ, ಮೆಲ್ಲಗೆ ಲೋಟ ಕೆಳಗಿಟ್ಟರು. "ಇಬ್ಬರಿಗೂನೂ ಕಳಲೆನಾ? ನಾನು ಬ್ಯಾರೆನೇ ಅಂದ್ಕೊಂಡಿದ್ದೆ" ಎಂದರು.

"ಬ್ಯಾರೆ ಏನು ಅಂದ್ಕೊಂಡ್ರಿ?"

ಯಮುನಮ್ಮ ತಲೆಯೆತ್ತಿ ಅವರನ್ನೇ ನೋಡಿದಳು. ಏನಿಲ್ಲ, ಏನಿಲ್ಲ, ಶ್ರಾವಣಕ್ಕೆ ಪುರಾಣ ಇಲ್ಲೇ ಓದೋಣ, ಶಾಲೆಯ ಪುಸ್ತಕ ಬರುವ ವಾರ ಕಳಿಸುತ್ತೇನೆ ಎನ್ನುತ್ತ ಕೊಡೆ ಬಿಚ್ಚಿಕೊಂಡು ಇಳಿದು ಹೋದರು.

ನಾವಿಬ್ಬರೂ ಸೇರಿ ಅವಳನ್ನು ಎತ್ತಿ ಒಳಗೆ ಮಲಗಿಸಿದೆವು. ನಮ್ಮ ಮನೆಯಿಂದ ಹಾಲು ತಂದು ಇಬ್ಬರಿಗೂ ಕುಡಿಸಿದೆ. ಯಮುನಮ್ಮ ಕುಡಿದದ್ದೆಲ್ಲ ಮತ್ತೆ ಮತ್ತೆ ಹೊರಗೆ ಬರುತ್ತಿತ್ತು. ಹೂವಮ್ಮ ಅವಳ ಕಾಲು ಹಿಡಿದುಕೊಂಡು, "ನಾನು ಹೇಳಿದ್ದನ್ನ ನಂಬಿದ್ರೆ ಸಾಕಾಗಿತ್ತಲ್ಲ ಅತ್ತೆ, ನೀವು ಯಾಕೆ ತಿಂದ್ರಿ" ಎಂದು ಅಳುತ್ತಿದ್ದಳು.

"ನಾನೊಬ್ಬಳು ನಂಬಿ ಏನು ಮಾಡ್ಲಿ? ಊರು ನಂಬಬೇಕಲ್ಲ" ಎಂದಳು ಯಮುನಮ್ಮ, ಕಣ್ಣು ಮುಚ್ಚಿಕೊಂಡೇ. ಆಮೇಲೆ ಸೊಸೆಯ ಕೈ ಹುಡುಕಿ ಹಿಡಿದುಕೊಂಡಳು. "ನಾಳೆ ಕ್ಲಾಸಿಗೆ ಹೋಗು. ನನಗೆ ಎಷ್ಟೇ ಜೋರಾದ್ರೂ ಹೋಗು. ನೀನು ಮನ್ಯಾಗೆ ಮಲಗಿದ್ರೆ ಆ ಪರಮಶಿವಪ್ಪಗೆ ಮತ್ತೆ ಅನುಮಾನ ಬರ್ತೈತೆ."